ಕಹಿ ಕಿಟಕಿ

ಪುವೆಬ್ಲ,
ಸೋಮವಾರ, ಸೆಪ್ಟೆಂಬರ್ ೨, ೨೦೧೯

ಪ್ರೀತಿಯ ಮಗಳು ಒತಿಲಿಯಾಗೆ,

ನಿನ್ನ ಅಪ್ಪನ ಆಶೀರ್ವಾದ. ನಾನು ಕ್ಷೇಮ. ಎಡ ಮಂಡಿಯೊಂದನ್ನು ಬಿಟ್ಟರೆ ಮೈಯಲ್ಲಿ ಉಳಿದದ್ದೆಲ್ಲ ಇನ್ನೂ ಹೇಳಿದ ಮಾತು ಕೇಳುತ್ತಿದೆ. ವೆರಾಕ್ರುಸ್‌ನ ಆ ಸೆಕೆಯಲ್ಲಿ, ಔಷಧಿ ಅಂಗಡಿಯ ಫ್ಯಾನಿನ ಕೆಳಗೆ ನೀನೂ ಕ್ಷೇಮವಾಗಿದ್ದೀಯ ಎಂದು ನಂಬಿದ್ದೇನೆ. ನಿನ್ನ ಕಾಗದ ಬಂದದ್ದು ಆಗಸ್ಟ್ ಮೊದಲ ವಾರ, ಉತ್ತರ ಬರೆಯಲು ಕೂತದ್ದು ಇವತ್ತು. ತಡವಾಯಿತು, ಕ್ಷಮಿಸು. ಫೋನಿನಲ್ಲೇ ಹೇಳಿ ಮುಗಿಸೋಣವೆಂದರೆ ಮೂರು ವರ್ಷದಿಂದ ನನ್ನ ನಂಬರನ್ನು ನೀನು ಒಳಗೆ ಬಿಡುತ್ತಿಲ್ಲ. ಸೋಮವಾರ ವಸ್ತುಸಂಗ್ರಹಾಲಯಗಳಿಗೆ ರಜೆ, ಆದ್ದರಿಂದ ನನಗೂ ರಜೆ. ಕಾಫಿ ಮಾಡಿಕೊಂಡು ನಿಧಾನವಾಗಿ ಬರೆಯುತ್ತಿದ್ದೇನೆ.

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. "ತಂದೆಯವರಿಗೆ" ಎಂದು ಶುರು ಮಾಡಿದ್ದೀಯ, ನಗರಸಭೆಗೆ ಅರ್ಜಿ ಬರೆಯುವ ಹಾಗೆ. ಎರಡು ಪುಟದಲ್ಲಿ "ಅಮ್ಮ" ಹದಿನಾಲ್ಕು ಸಲ ಬಂದಿದ್ದಾಳೆ, "ಅಪ್ಪ" ಒಂದು ಸಲವೂ ಬಂದಿಲ್ಲ. ಇರಲಿ. ನೀನು ಕೇಳಿದ್ದು ಎರಡು. ಅನಾಲ್ಕೊ ಬಡಾವಣೆಯಲ್ಲಿ ನಿನ್ನ ಅಮ್ಮನ ಮನೆಯ ಮುಂದೆ ಪ್ರವಾಸಿಗಳನ್ನು ನಿಲ್ಲಿಸಿ ನಾನು ಹೇಳುವ ಕಹಿ ಕಿಟಕಿಯ ಕಥೆಯನ್ನು ಇನ್ನು ಮೇಲೆ ಹೇಳಬಾರದು. ಮತ್ತೆ, ಆ ಕಥೆಯನ್ನು ಬಣ್ಣದ ಟೈಲ್ಸ್ ಮೇಲೆ ಬರೆಸಿ ಅವಳ ಗೋಡೆಗೆ ಫಲಕ ಹಾಕಲು ನಗರದವರು ಹೊರಟಿದ್ದಾರಲ್ಲ, ಅದನ್ನು ನಾನೇ ಹೋಗಿ ತಪ್ಪಿಸಬೇಕು. "ಅಮ್ಮ ಸಾಯುವ ಮೊದಲು ಒಂದು ವರ್ಷವಾದರೂ ಜನ ಅವಳ ಕೈಯಿಂದ ತಿನ್ನಲಿ" ಎಂದು ಬರೆದಿದ್ದೀಯ. ಆ ಸಾಲು ಚೆನ್ನಾಗಿದೆ. ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿಸುವುದು ನಿನಗೆ ನನ್ನಿಂದಲೇ ಬಂದದ್ದು.

ಉತ್ತರ ಕೊಡುತ್ತೇನೆ. ಅದಕ್ಕೆ ಮೊದಲು ಊರ ಸುದ್ದಿ ಕೇಳು.

ಅಕ್ರೋಟಿನ ಕಾಲ ಇದು, ನಿನಗೇ ಗೊತ್ತು. ಊರಿಗೆ ಊರೇ ಅಕ್ರೋಟಿನ ಗೊಜ್ಜು ಸುರಿದು ದಾಳಿಂಬೆ ಕಾಳು ಉದುರಿಸಿದ ತುಂಬಿದ ಮೆಣಸಿನಕಾಯಿ ತಿನ್ನುತ್ತಿದೆ. ಬೋರ್ಡು ಹಾಕದ ಹೋಟೆಲಿಲ್ಲ. ಪ್ರತಿ ಬೋರ್ಡಿನಲ್ಲೂ "ಅಜ್ಜಿಯ ಕೈರುಚಿ" ಎಂದಿದೆ, ಯಾರ ಅಜ್ಜಿಯೋ ದೇವರಿಗೇ ಗೊತ್ತು. ಅರ್ಧಕ್ಕರ್ಧ ಹೋಟೆಲುಗಳಲ್ಲಿ ಅಕ್ರೋಟಿನ ಗೊಜ್ಜಿಗೆ ಬಿಸ್ಕತ್ತಿನ ಪುಡಿ ಬೆರೆಸುತ್ತಾರೆ. ಕಪ್ಪೆಗಳ ಓಣಿಯಲ್ಲಿ ಹಳೇ ಕುರ್ಚಿ ಮಾರುತ್ತಿದ್ದ ಮುದುಕ ಅಂಗಡಿ ಮುಚ್ಚಿದ, ಈಗ ಅಲ್ಲಿ ಐಸ್‌ಕ್ರೀಮಿನ ಮೇಲೂ ದಾಳಿಂಬೆ ಕಾಳು ಉದುರಿಸಿ ಕೊಡುತ್ತಾರೆ. ಜನ ಬಾಯಿ ಚಪ್ಪರಿಸಿ ತಿಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ. ನನಗೆ ದಿನಕ್ಕೆ ಎರಡು ಗುಂಪು, ಭಾನುವಾರ ಮೂರು. ಎಪ್ಪತ್ತೊಂದನೇ ವಯಸ್ಸಿನಲ್ಲಿ ಈ ಮಂಡಿ ಇಟ್ಟುಕೊಂಡು ದಿನಾ ಐದು ಮೈಲಿ ನಡೆಯುತ್ತೇನೆ, ಅದನ್ನಾದರೂ ಮೆಚ್ಚಿಕೊ.

ಕಥೆ ನಿಲ್ಲಿಸು ಎನ್ನುತ್ತೀಯ, ಆದರೆ ಅದನ್ನು ನೀನು ನನ್ನೆದುರು ನಿಂತು ಮೊದಲಿಂದ ಕೊನೆಯವರೆಗೆ ಒಮ್ಮೆಯೂ ಕೇಳಿಲ್ಲ. ಬೇರೆಯವರು ಹೇಳಿದ್ದನ್ನು ಕೇಳಿ ತೀರ್ಪು ಕೊಟ್ಟಿದ್ದೀಯ. ಶನಿವಾರ ಹೇಗೆ ಹೇಳಿದೆನೋ ಹಾಗೇ ಬರೆಯುತ್ತೇನೆ.

ಶನಿವಾರ ಹನ್ನೊಂದು ಜನ ಇದ್ದರು. ಮೊಂತೆರ್ರೇಯಿಂದ ಬಂದ ಇಬ್ಬರು ನಿವೃತ್ತ ಟೀಚರಮ್ಮಂದಿರು, ಹೊಸದಾಗಿ ಮದುವೆಯಾದ ಒಂದು ಜೋಡಿ, ಪ್ರತಿ ಚರ್ಚಿನಲ್ಲೂ ಶೌಚಾಲಯ ಎಲ್ಲಿದೆ ಎಂದು ಕೇಳುವ ಒಬ್ಬ ಮಹಾನುಭಾವ, ಉಳಿದವರು ಹೀಗೇ. ದೊಡ್ಡ ಚರ್ಚಿನಿಂದ ಹೊರಟು, ಕಪ್ಪೆಗಳ ಓಣಿ ದಾಟಿ, ಹಿಂದೆ ನದಿಯಿದ್ದ ದೊಡ್ಡ ರಸ್ತೆಯನ್ನು ದಾಟಿದೆವು. ಅನಾಲ್ಕೊ ಮುಟ್ಟುವ ಹೊತ್ತಿಗೆ ಯಾರಿಗೂ ಕಲ್ಲು, ಗೋಪುರ, ದೇವದೂತರು ಬೇಡವಾಗಿರುತ್ತಾರೆ, ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಆಗ ಅವರನ್ನು ಆ ನೀಲಿ ಚೌಕಟ್ಟಿನ ಕಿಟಕಿಯ ಎದುರು ನಿಲ್ಲಿಸುತ್ತೇನೆ. ದನಿ ತಗ್ಗಿಸುತ್ತೇನೆ.

"ಈ ಮನೇಲಿ, ರಾಜಪ್ರತಿನಿಧಿಗಳ ಕಾಲದಲ್ಲಿ, ದೋನ್ಯಾ ಲೆಯೊನೊರ್ ಅಂತ ಒಬ್ಳು ಹೆಂಗಸು ಇದ್ಲು. ಅಡುಗೇಲಿ ಅವಳನ್ನ ಮೀರಿಸೋರು ಊರಲ್ಲೇ ಇರ್ಲಿಲ್ಲ. ಅವಳನ್ನ ಒಬ್ಬ ಕ್ಯಾಪ್ಟನ್‌ಗೆ ಮದುವೆ ಮಾಡಿದ್ರು. ಕ್ಯಾಪ್ಟನ್ ಒಳ್ಳೆಯವನು, ಆದ್ರೆ ಇವಳಿಗೆ ಅವನು ಬೇಡ. ಸಂತ ಅಗಸ್ಟೀನರ ಹಬ್ಬದ ದಿನ ಊಟಕ್ಕೆ ತುಂಬಿದ ಮೆಣಸಿನಕಾಯಿ ಮಾಡಿದ್ಲು. ಅಕ್ರೋಟಿನ ಗೊಜ್ಜು ಹೇಗೆ ಮಾಡ್ತಾರೆ ಗೊತ್ತಲ್ಲ? ಒಂದೊಂದೇ ಕಾಯಿ ಒಡೆದು, ಒಳಗಿನ ತಿರುಳಿನ ಮೇಲಿರೋ ತೆಳ್ಳನೆ ಸಿಪ್ಪೇನ ಉಗುರಲ್ಲಿ ಬಿಡಿಸ್ಬೇಕು. ಅದನ್ನ ಬಿಡಿಸ್ದೆ ಅರೆದ್ರೆ ಇಡೀ ಗೊಜ್ಜು ಕಹಿ. ಇವಳು ಬೇಕೂಂತಲೇ ಸಿಪ್ಪೆ ಬಿಟ್ಲು. ಯಾಕೆ? ವಿಷದ ಕಹಿ ಆ ಕಹೀಲಿ ಮುಚ್ಚಿಹೋಗ್ಲಿ ಅಂತ."

ಇಲ್ಲಿ ನಾನು ಯಾರಾದರೂ ದಪ್ಪನೆಯ ಗಂಡಸನ್ನು ಮುಂದಕ್ಕೆ ಕರೆದು ಕ್ಯಾಪ್ಟನ್ ಮಾಡುತ್ತೇನೆ. ಶನಿವಾರ ಆ ಶೌಚಾಲಯದ ಮಹಾನುಭಾವನೇ ಸಿಕ್ಕ. ಅವನಿಗೆ ತಿನ್ನುವ ಹಾಗೆ ಮಾಡಿಸಿ, ಗಂಟಲು ಹಿಡಿಸಿ, ಬಗ್ಗಿಸುತ್ತೇನೆ. ಕ್ಯಾಪ್ಟನ್ನನ ಮುಖ ತಟ್ಟೆಗೆ ಬಿತ್ತು, ದಾಳಿಂಬೆ ಕಾಳು ಹಣೆಗೆಲ್ಲ ಅಂಟಿತು ಎನ್ನುವಾಗ ಹೊಸ ಮದುಮಗಳು ಗಂಡನ ತೋಳು ಹಿಡಿದುಕೊಂಡಳು.

ಟೀಚರಮ್ಮ ಕೇಳಿದರು, "ನಿಜವಾಗ್ಲೂ ನಡೆದದ್ದಾ ದೋನ್ ಎವಾರಿಸ್ತೊ?"

"ತಾಯಿ, ಸುಳ್ಳಾಗಿದ್ರೆ ಈ ಕಿಟಕಿ ಹಗಲು ಹೊತ್ತಲ್ಲೂ ಯಾಕೆ ಮುಚ್ಚಿರುತ್ತೆ?" ಎಂದೆ. "ಈಗ ಎಲ್ಲರೂ ಶಿಲುಬೆ ಗುರುತು ಮಾಡ್ಕೊಂಡು ರಸ್ತೆಯ ಆ ಬದಿಗೆ ದಾಟಿ. ಈ ಕಿಟಕಿ ಕೆಳಗೆ ಯಾರೂ ನಡೆಯೋಲ್ಲ."

ದಾಟಿದರು. ಎಲ್ಲರೂ ದಾಟುತ್ತಾರೆ. ಮೊದಲು ಪ್ರವಾಸಿಗಳು ದಾಟುತ್ತಿದ್ದರು, ಆಮೇಲೆ ಶಾಲೆಯ ಮಕ್ಕಳು, ಈಗ ಮೀನು ಮಾರುವವಳೂ ಬುಟ್ಟಿ ಹೊತ್ತುಕೊಂಡು ಆ ಬದಿಗೆ ಹೋಗುತ್ತಾಳೆ. ಕೇಳಿದರೆ ನಮ್ಮಜ್ಜಿ ಕಾಲದಿಂದಲೂ ಹೀಗೇ ಎನ್ನುತ್ತಾಳೆ. ನಾನು ಆ ಕಥೆ ಕಟ್ಟಿದಾಗ ಅವಳಜ್ಜಿ ಸತ್ತು ಹತ್ತು ವರ್ಷವಾಗಿತ್ತು.

ಇನ್ನೊಂದು ವಿಷಯ ನಿನ್ನ ಅಮ್ಮ ನಿನಗೆ ಹೇಳಿದ್ದಾಳೋ ಇಲ್ಲವೋ. ಆ ಕಿಟಕಿಯಲ್ಲೇ ಅವಳು ಸಿಹಿಗೆಣಸಿನ ಮಿಠಾಯಿ ಮಾರುತ್ತಿದ್ದಳಲ್ಲ, ಆ ವ್ಯಾಪಾರ ನಿಂತ ಮೇಲೂ ಅವಳು ಮಿಠಾಯಿ ಮಾಡುವುದನ್ನೇನೂ ಬಿಟ್ಟಿಲ್ಲ. ಮಿಠಾಯಿ ಬೀದಿಯ ಒಂದು ಅಂಗಡಿಯವರು ಅವಳಿಂದ ತರಿಸಿ, ತಮ್ಮ ಹೆಸರಿನ ಕಾಗದ ಸುತ್ತಿ ಮಾರುತ್ತಾರೆ. ಅದು ನನಗೆ ಮೊದಲ ತುತ್ತಿನಲ್ಲೇ ಗೊತ್ತಾಯಿತು. ಕಿತ್ತಳೆ ಸಿಪ್ಪೆಯನ್ನು ಅಷ್ಟು ಸಣ್ಣಗೆ ತುರಿಯುವವರು ಈ ಊರಿನಲ್ಲಿ ಬೇರೆ ಯಾರೂ ಇಲ್ಲ. ಕಹಿ ಕಿಟಕಿ ಮುಗಿಸಿದ ಅರ್ಧ ಗಂಟೆಗೆ ನನ್ನ ಗುಂಪು ಆ ಅಂಗಡಿಯಲ್ಲಿ ಇರುತ್ತದೆ. ಇದಕ್ಕಿಂತ ಒಳ್ಳೇ ಮಿಠಾಯಿ ಈ ದೇಶದಲ್ಲೇ ಸಿಗೋಲ್ಲ ಎಂದು ನಾನೇ ಹೇಳಿ ತಿನ್ನಿಸುತ್ತೇನೆ. ಟೀಚರಮ್ಮ ಎರಡು ಡಬ್ಬಿ ತೆಗೆದುಕೊಂಡರು. ನನ್ನಿಂದ ಅವಳಿಗೆ ನಷ್ಟವಾಯಿತು ಎನ್ನುವಾಗ ಇದನ್ನೂ ಸೇರಿಸಿಕೊ.

ಕಥೆ ಎಲ್ಲಿಂದ ಬಂತು ಎಂದು ನೀನು ಕೇಳಿಲ್ಲ. ಕೇಳಬೇಕಿತ್ತು. ಅಮ್ಮ ಹೇಳಿದ್ದನ್ನು ನೀನು ನಂಬಿಕೊಂಡೆ. ಅಥವಾ ಅವಳು ಏನೂ ಹೇಳಿರಲಿಕ್ಕಿಲ್ಲ, ಅವಳ ಸ್ವಭಾವವೇ ಅದು. ನಾನು ಹೇಳುತ್ತೇನೆ.

೧೯೮೮. ಆಗ ನಾನು ಗೈಡ್ ಅಲ್ಲ. ಎಲ್ ಆಲ್ತೊ ಬಡಾವಣೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಆರು ಮೇಜು ಹಾಕಿಕೊಂಡು ಊಟದ ಮನೆ ನಡೆಸುತ್ತಿದ್ದೆವು. ಅಡುಗೆ ನಿನ್ನ ಅಮ್ಮನದು, ಮಾತು ನನ್ನದು. ಚೌಕದ ಪಕ್ಕದ ದೊಡ್ಡ ಹೋಟೆಲಿನ ಯಜಮಾನ ದೋನ್ ಬಾಲ್ತಸಾರ್, ಅವನು ಈಗಿಲ್ಲ, ಹೋಟೆಲೂ ಇಲ್ಲ, ತನ್ನ ಅಡುಗೆಮನೆ ನೋಡಿಕೊಳ್ಳಲು ಒಂದು ಒಳ್ಳೆಯ ಕುಟುಂಬ ಹುಡುಕುತ್ತಿದ್ದ. ಎರಡು ವರ್ಷ ಅವನ ಹಿಂದೆ ಬಿದ್ದು, ಕೊನೆಗೆ ಆಗಸ್ಟ್ ಇಪ್ಪತ್ತೆಂಟನೇ ತಾರೀಕು, ಸಂತ ಅಗಸ್ಟೀನರ ಹಬ್ಬದ ಭಾನುವಾರ, ನಮ್ಮಲ್ಲಿ ಊಟಕ್ಕೆ ಒಪ್ಪಿಸಿದೆ. ಹನ್ನೆರಡು ಜನರ ಜೊತೆ ಬಂದ. ಹೊಸ ಬಟ್ಟೆ ಹಾಸಿದ ಮೇಜು, ಬಾಡಿಗೆ ತಂದ ತಟ್ಟೆ, ಗಂಜಿ ಹಾಕಿ ಇಸ್ತ್ರಿ ಮಾಡಿದ ನನ್ನ ಬಿಳಿ ಅಂಗಿ. ನಿನಗೆ ಆಗ ಆರು ವರ್ಷ. ಹಳದಿ ಫ್ರಾಕು ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದೆ.

ದೋನ್ ಬಾಲ್ತಸಾರ್ ಒಂದು ತುತ್ತು ಬಾಯಿಗಿಟ್ಟ. ಅಗಿಯಲಿಲ್ಲ. ಕರವಸ್ತ್ರ ತೆಗೆದು ಅದರೊಳಗೆ ಉಗಿದ. ತಟ್ಟೆಯನ್ನು ಒಂದು ಬೆರಳಲ್ಲಿ ಆಚೆ ತಳ್ಳಿ, "ಎವಾರಿಸ್ತೊ, ನಿನ್ನ ಹೆಂಡ್ತಿಗೆ ನನ್ನ ಮೇಲೆ ಏನಪ್ಪಾ ಸಿಟ್ಟು?" ಎಂದ. ಹನ್ನೆರಡು ಜನ ನಕ್ಕರು. ಆ ನಗು ನನಗೆ ಈಗಲೂ ಒಂದೊಂದಾಗಿ ನೆನಪಿದೆ, ಯಾರು ಬಾಯಿ ಮುಚ್ಚಿಕೊಂಡು ನಕ್ಕರು, ಯಾರು ಮೇಜು ಬಡಿದು ನಕ್ಕರು ಎಂದು. ನಾನೂ ಒಂದು ತುತ್ತು ತಿಂದೆ. ಹಾಗಲಕಾಯಿಯ ರಸ ಕುಡಿದಂತಿತ್ತು. ಅಕ್ರೋಟನ್ನು ಅರ್ಧಕ್ಕರ್ಧ ಸಿಪ್ಪೆಯೊಂದಿಗೇ ಅರೆದಾಗಿತ್ತು.

ನಾನು ನಿನ್ನ ಅಮ್ಮನನ್ನು ಕರೆದು ಎಲ್ಲರ ಮುಂದೆ ನಿಲ್ಲಿಸಿದೆ. "ವಿಷ ಹಾಕ್ಬೇಕು ಅಂತಿದ್ರೆ ನನಗೊಬ್ಬನಿಗೇ ಹಾಕ್ಬಹುದಿತ್ತಲ್ಲ, ಇಷ್ಟು ಜನರಿಗೆ ಯಾಕೆ?" ಎಂದೆ. ಅದು ಕೇಳಿ ಮತ್ತೆ ನಕ್ಕರು, ಈ ಸಲ ನನ್ನ ಕಡೆಗಾಗಿ. ಜನ ನನ್ನ ಮಾತಿಗೆ ನಗುವುದು ಎಂದರೇನೆಂದು ನನಗೆ ಮೊದಲು ಗೊತ್ತಾದದ್ದು ಆಗ. ಅವಳು, "ನಂದೇ ತಪ್ಪು" ಎಂದಳು. ಬೇರೆ ಒಂದು ಮಾತಿಲ್ಲ. ಆ ಸಂಜೆಯೇ ಅವಳ ಬಟ್ಟೆಯನ್ನು ಬಾಗಿಲ ಹೊರಗಿಟ್ಟೆ. ಅವಳು ಅನಾಲ್ಕೊದಲ್ಲಿ ಅಕ್ಕನ ಮನೆಗೆ, ಈಗ ಅವಳದೇ ಆಗಿರುವ ಆ ಮನೆಗೆ, ಹೋದಳು. ನೀನು ನನ್ನ ಬಳಿ ಉಳಿದೆ. ಅಮ್ಮ ಬಿಟ್ಟುಹೋದಳು ಎಂದು ನಿನಗೆ ಹೇಳಿದೆ. ಹದಿನೆಂಟು ತುಂಬಿದ ಕೂಡಲೇ ನೀನು ಅವಳನ್ನು ಹುಡುಕಿಕೊಂಡು ಹೋಗುವವರೆಗೂ ಹಾಗೇ ಹೇಳುತ್ತಿದ್ದೆ.

ಊಟದ ಮನೆ ಮುಚ್ಚಿತು. ನಾನು ಬೀದಿಗೆ ಬಿದ್ದೆ, ಬೀದಿಯನ್ನೇ ತೋರಿಸಿ ಹೊಟ್ಟೆ ಹೊರೆದೆ. ಮೊದಲ ವರ್ಷ ಒಂದು ಗುಂಪು ಐದನೇ ಚರ್ಚಿಗೇ ಆಕಳಿಸತೊಡಗಿತು. ಅನಾಲ್ಕೊದ ತಿರುವಿನಲ್ಲಿ ಆ ನೀಲಿ ಕಿಟಕಿ ಕಂಡಿತು. ಕಿಟಕಿ ತೆರೆದಿತ್ತು, ನಿನ್ನ ಅಮ್ಮ ಮಿಠಾಯಿ ಜೋಡಿಸುತ್ತಿದ್ದಳು, ಎದುರಿಗೆ ಆರೆಂಟು ಜನ ನಿಂತಿದ್ದರು. ಅವಳು ಯಾರದೋ ಮಗುವಿಗೆ ಒಂದು ಚೂರು ಮುರಿದುಕೊಟ್ಟು ನಗುತ್ತಿದ್ದಳು. ನಾನು ಹಾಳಾದೆ, ಅವಳು ನಗುತ್ತಿದ್ದಾಳೆ. ಕಥೆ ತನ್ನಷ್ಟಕ್ಕೇ ಬಾಯಿಗೆ ಬಂತು. ಆಕಳಿಸುತ್ತಿದ್ದವರು ಬಾಯಿ ಮುಚ್ಚಿ ಕೇಳಿದರು. ಮರುದಿನ ಇನ್ನಷ್ಟು ಚೆನ್ನಾಗಿ ಬಂತು. ಎರಡು ವರ್ಷದಲ್ಲಿ ಬೇರೆ ಗೈಡುಗಳೂ ಹೇಳತೊಡಗಿದರು. ಕಿಟಕಿ ಮುಚ್ಚಲು ಒಟ್ಟು ಐದು ವರ್ಷ ಬೇಕಾಯಿತು.

ಇನ್ನು ಫಲಕದ ವಿಷಯ. ಅದನ್ನು ನಾನು ಕೇಳಿಕೊಂಡು ಹೋದದ್ದಲ್ಲ. ಹಳೇ ಬೀದಿಗಳ ಐತಿಹ್ಯಗಳನ್ನು ಗೋಡೆಗೆ ಬರೆಸುವ ಯೋಜನೆಯವರು ನನ್ನನ್ನೇ ಹುಡುಕಿಕೊಂಡು ಬಂದರು. ನೊಯೆಮಿ ಎಂಬ ಒಬ್ಬ ತರುಣಿ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಾಳೆ, ತುಂಬ ಗೌರವದ ಹುಡುಗಿ.

"ದೋನ್ ಎವಾರಿಸ್ತೊ, ಇದು ಯಾವ ಪುಸ್ತಕದಲ್ಲಿದೆ?" ಎಂದು ಕೇಳಿದಳು.

"ಪುಸ್ತಕದಲ್ಲಿಲ್ಲಮ್ಮ. ಜನ ಹೇಳ್ತಾರೆ."

"ಜನ ಹೇಳಿದ್ರೆ ಸಾಕು, ಐತಿಹ್ಯ ಅಂದ್ರೆ ಅದೇ ಅಲ್ವಾ. ನಮ್ಮಮ್ಮ ಕೂಡ ಚಿಕ್ಕವಳಿದ್ದಾಗ ಕೇಳಿದ್ಲಂತೆ." ಹೀಗೆಂದು ಬರೆದುಕೊಂಡಳು. ಆಮೇಲೆ ಒಂದು ಅರ್ಜಿ ಕೊಟ್ಟಳು. ಗೋಡೆಗೆ ಮೊಳೆ ಹೊಡೆಯಬೇಕಾದರೆ ಮನೆಯವರ ಸಹಿ ಬೇಕಂತೆ. "ಆ ಮನೇಲಿ ಒಬ್ರು ಅಜ್ಜಿ ಇದಾರಂತೆ. ನಿಮಗೆ ಪರಿಚಯ ಇದೆಯಾ?"

"ಸ್ವಲ್ಪ," ಎಂದೆ.

ನಾನೇ ಸಹಿ ತರುತ್ತೇನೆ ಎಂದು ಅರ್ಜಿಯನ್ನು ಇಸಿದುಕೊಂಡೆ. ಯಾವ ದಿನ ಬೇಕಾದರೂ ಹೋಗಬಹುದಿತ್ತು. ಬೇಕೆಂದೇ ಆಗಸ್ಟ್ ಇಪ್ಪತ್ತೆಂಟರಂದು, ಕಳೆದ ಬುಧವಾರ ಹೋದೆ. ಅವಳು ಕೂಗಾಡುತ್ತಾಳೆ, ಅಕ್ಕಪಕ್ಕದವರು ಸೇರುತ್ತಾರೆ, ನಾನೂ ನಾಲ್ಕು ಮಾತು ಆಡಿ ಬರುತ್ತೇನೆ ಎಂದುಕೊಂಡಿದ್ದೆ. ಮೂವತ್ತೊಂದು ವರ್ಷದಲ್ಲಿ ಆ ಬಾಗಿಲು ದಾಟಿದ್ದು ಅದೇ ಮೊದಲು.

ಒಳ ಅಂಗಳದಲ್ಲಿ ಕೂತಿದ್ದಳು. ಕಣ್ಣಿಗೆ ಪೊರೆ ಬಂದು ಬೆಳಕು ಬಿಟ್ಟರೆ ಬೇರೇನೂ ಕಾಣುವುದಿಲ್ಲ ಎಂದು ನೀನು ಬರೆದಿದ್ದೆ, ನಿಜ. ಮಡಿಲಲ್ಲಿ ಅಕ್ರೋಟಿನ ಮಂಕರಿ, ಪಕ್ಕದಲ್ಲಿ ಹಾಲಿನ ಬಟ್ಟಲು. ಬೆರಳಿಂದಲೇ ತಡವಿ ಸಿಪ್ಪೆ ಬಿಡಿಸಿ ಹಾಲಿಗೆ ಹಾಕುತ್ತಿದ್ದಳು. ಉಗುರೆಲ್ಲ ಕಂದು.

"ಯಾರು?" ಎಂದಳು. ನಾನು ಎರಡು ಹೆಜ್ಜೆ ಮುಂದಿಟ್ಟೆ. "ಮಂಡಿ ಕಟಕಟ ಅಂತಿದೆ. ದೋನ್ ಎವಾರಿಸ್ತೊ ಅವರೇ ಇರ್ಬೇಕು. ಬನ್ನಿ ಬನ್ನಿ. ಜನ ಎಲ್ಲಿ? ಇವತ್ತು ಒಬ್ರೇ ಬಂದ್ರಾ?"

"ಇವತ್ತು ಮಧ್ಯಾಹ್ನದ ಗುಂಪು ಇಲ್ಲ."

"ಅಯ್ಯೋ, ಹಾಗಾದ್ರೆ ಇವತ್ತು ನಾನು ಯಾರನ್ನೂ ಕೊಲ್ಲೋ ಹಾಗಿಲ್ವಾ?"

"ಕಥೇಲಿರೋದು ನೀನಲ್ಲ ಲೆಯೊಕಾದಿಯಾ. ಅವಳು ದೋನ್ಯಾ ಲೆಯೊನೊರ್. ಸತ್ತು ಇನ್ನೂರೈವತ್ತು ವರ್ಷ ಆಯ್ತು."

"ಹೌದಾ? ಪಕ್ಕದ ಮನೆ ಚೋನಾ ಸೊಸೆ ಬಸುರಿ. ಹೊಟ್ಟೇಲಿರೋ ಮಗೂಗೆ ಆಗೋಲ್ಲ ಅಂತ ನನ್ನ ಬಾಗಿಲ ಮುಂದೇನೂ ನಡೆಯೋಲ್ಲ. ಅವಳಿಗೆ ಹೋಗಿ ಹೇಳಿ, ಸತ್ತೋದವಳು ಅಂತ."

ನಾನು ಬಂದ ಕೆಲಸ ಹೇಳಿದೆ. ಓದಿ ಎಂದಳು. ಓದಿದೆ: "ಈ ಮನೆಯಲ್ಲಿ ದೋನ್ಯಾ ಲೆಯೊನೊರ್ ವಾಸವಿದ್ದಳೆಂದು ಪ್ರತೀತಿ. ತಣ್ಣನೆಯ ಕೈಯ ಈ ಹೆಂಗಸು ಅಕ್ರೋಟಿನ ಕಹಿಯಲ್ಲಿ ವಿಷ ಬೆರೆಸಿ ಗಂಡನನ್ನು ಕೊಂದಳು. ಅಂದಿನಿಂದ ಇದು ಕಹಿ ಕಿಟಕಿ."

ಅವಳು ಕೈ ನಿಲ್ಲಿಸದೆ ಕೇಳಿದಳು. "ತಣ್ಣನೆ ಕೈ ಅನ್ನೋದನ್ನ ತೆಗೀರಿ. ನನ್ನ ಕೈ ಯಾವಾಗ್ಲೂ ಬೆಚ್ಚಗೇ ಇರೋದು. ಅದು ನಿಮಗೂ ಗೊತ್ತು."

"ಉಳಿದದ್ದು?"

"ಉಳಿದದ್ದು ಇರ್ಲಿ ಬಿಡಿ. ಅಭ್ಯಾಸ ಆಗಿದೆ."

ನನಗೆ ಮೈಯೆಲ್ಲ ಉರಿಯಿತು. ಜಗಳಕ್ಕೆ ಎಂದು ಹೋದವನಿಗೆ ಕೂರಲು ಕುರ್ಚಿ ಹಾಕಿದರೆ ಹೇಗಿರುತ್ತದೆ ಹೇಳು. ಆ ಹೆಂಗಸಿನ ಸಹನೆ ನನಗೆ ಯಾವತ್ತೂ ಆಗಿಬಂದಿಲ್ಲ. ಅವಳು ಒಂದು ಸಲ, ಒಂದೇ ಸಲ, ನನ್ನ ಮೇಲೆ ಕೂಗಿದ್ದರೆ ನಾನು ಆ ಕಥೆಯನ್ನು ಎಂದೋ ಮರೆತಿರುತ್ತಿದ್ದೆ.

ಸಹಿ ಹಾಕುವ ಮೊದಲು ಅವಳು ನನ್ನಿಂದ ಒಂದು ಮಾತು ಕೇಳಿದಳು. ಆಗ ಮಾತ್ರ ಬಹುವಚನ ಬಿಟ್ಟು ನನ್ನನ್ನು "ನೀನು" ಎಂದಳು. ಅವಳ ಜಪಮಾಲೆ ಮುಟ್ಟಿ ಮಾತು ಕೊಟ್ಟೆ. ಏನು ಮಾತು ಎಂದು ನೀನು ಕೇಳಬೇಡ. ಕೈ ಒರೆಸಿಕೊಳ್ಳದೆಯೇ ಪೆನ್ನು ಹಿಡಿದಳು. ಗೆರೆ ಎಲ್ಲಿದೆ ಎಂದು ನಾನು ಅವಳ ಬೆರಳಿಟ್ಟು ತೋರಿಸಿದೆ. ಬೆರಳು ಬೆಚ್ಚಗೇ ಇತ್ತು. ಅರ್ಜಿಯ ಮೂಲೆಗೆ ಕಂದು ಕಲೆ ಹತ್ತಿತು. ಆಮೇಲೆ ನೊಯೆಮಿ ಅದನ್ನು ಕಾಫಿ ಕಲೆ ಎಂದುಕೊಂಡಳು.

ಹೊರಡುವಾಗ ಒಂದು ಬಿಡಿಸಿದ ಅಕ್ರೋಟನ್ನು ಅಂಗೈಯಲ್ಲಿಟ್ಟು ಚಾಚಿದಳು. "ತಗೊಳ್ಳಿ. ಭಯಾನಾ?" ತಿಂದೆ. ಸಿಹಿಯಾಗಿತ್ತು. ಮೂವತ್ತೊಂದು ವರ್ಷದಿಂದ ನಾನು ಅಕ್ರೋಟು ಮುಟ್ಟಿರಲಿಲ್ಲ.

ಒಂದು ವಿಷಯ ಒಪ್ಪಿಕೊಳ್ಳುತ್ತೇನೆ ಮಗಳೇ. ಬುಧವಾರ ಸಂಜೆ ಮನೆಗೆ ಬಂದು ಆ ಅರ್ಜಿಯನ್ನು ಮೇಜಿನ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದೆ. ನಿನ್ನ ಕಾಗದವನ್ನು ಅದರ ಪಕ್ಕ ಇಟ್ಟೆ. ಗುರುವಾರ ಅರ್ಜಿ ಕೊಡಲಿಲ್ಲ. ಶುಕ್ರವಾರವೂ ಕೊಡಲಿಲ್ಲ. ಶನಿವಾರದ ಕಥೆಯನ್ನು ಸ್ವಲ್ಪ ಬೇಗ ಮುಗಿಸಿದೆ. ಸೋಮವಾರ ಕೂತು, ನೀನು ಕೇಳಿದ್ದಕ್ಕೆ ಆಗಲಿ ಎಂದು ಬರೆದುಬಿಡೋಣವೇ ಎಂದೂ ಅನ್ನಿಸಿತ್ತು. ನಂಬುವುದಾದರೆ ನಂಬು.

ಆಮೇಲೆ ಭಾನುವಾರ ಬಂತು, ನಿನ್ನೆ.

ಮಧ್ಯಾಹ್ನದ ಗುಂಪಿನಲ್ಲಿ ಹದಿನಾಲ್ಕು ಜನ. ಕಿಟಕಿಯ ಮುಂದೆ ನಿಲ್ಲಿಸಿ ದನಿ ತಗ್ಗಿಸಿದೆ. ಇವಳು ಬೇಕೂಂತಲೇ ಸಿಪ್ಪೆ ಬಿಟ್ಲು ಎಂದಾಗ ಮುಚ್ಚಿದ ಕಿಟಕಿಯ ಒಳಗಿಂದ ನಗು ಕೇಳಿಸಿತು. ಇಬ್ಬರು ಹೆಂಗಸರು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನನ್ನ ಗುಂಪಿನ ಒಬ್ಬ, "ತಾತ, ನಿಮ್ಮ ದೆವ್ವಕ್ಕೆ ಇವತ್ತು ತುಂಬಾ ಖುಷಿಯಾಗಿದೆ," ಎಂದ. ಹದಿನಾಲ್ಕು ಜನವೂ ನಕ್ಕರು. ಯಾರೂ ಶಿಲುಬೆ ಗುರುತು ಮಾಡಲಿಲ್ಲ, ಯಾರೂ ರಸ್ತೆ ದಾಟಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಕಥೆ ನೆಲಕ್ಕೆ ಬಿತ್ತು. ದೋನ್ ಬಾಲ್ತಸಾರನ ಮೇಜಿನ ಮುಂದೆ ನಿಂತಂತಾಯಿತು ನನಗೆ.

ಯಾರು ನಕ್ಕಿದ್ದು ಎಂದು ಸಂಜೆ ಗೊತ್ತಾಯಿತು. ಅನಾಲ್ಕೊ ಸಂತೆಯಲ್ಲಿ ಚೋನಾ ಸಿಕ್ಕಳು.

"ನಿಮ್ಮ ಮಗಳು ಬಂದಿದ್ಲಲ್ರೀ, ನಿಮಗೆ ಗೊತ್ತಿಲ್ವಾ? ಬೆಳಗ್ಗೇನೇ ಬಂದ್ಲು. ತಾಯಿ ಮಗಳು ಕೂತು ಒಂದು ಮಂಕರಿ ಅಕ್ರೋಟು ಬಿಡಿಸಿದ್ರು. ಅದೇನು ನಗು ಅಂತೀರಿ. ನನಗೂ ಒಂದು ತಟ್ಟೆ ಕಳಿಸಿದ್ರು, ತಿಂದೆ ಕಣ್ರೀ, ಏನೂ ಆಗ್ಲಿಲ್ಲ. ಐದು ಗಂಟೆ ಬಸ್ಸಿಗೆ ಹೊರಟ್ಲು. ನಿಮ್ಮ ಮನೆಗೆ ಬರ್ಲಿಲ್ವಾ?"

"ಬಂದಿದ್ಲು," ಎಂದೆ. ಆ ಬಾಯಿಬಡುಕಿಯ ಮುಂದೆ ಬೇರೆ ಏನು ಹೇಳಲಿ?

ಬಸ್ ನಿಲ್ದಾಣಕ್ಕೆ ಹೋಗುವ ದಾರಿ ನನ್ನ ಮನೆಯ ಮುಂದೆಯೇ ಹಾದುಹೋಗುತ್ತದೆ ಒತಿಲಿಯಾ. ನಿನ್ನನ್ನು ಬೆಳೆಸಿದ್ದು ನಾನು. ಜ್ವರ ಬಂದಾಗ ಪಕ್ಕದಲ್ಲಿ ಕೂತವನು, ಜಡೆ ಹಾಕಲು ಬಾರದೆ ಪಕ್ಕದ ಮನೆಯವಳಿಂದ ಕಲಿತವನು ನಾನು. ಅವಳದು ಒಂದು ತಟ್ಟೆ ಊಟ, ನನ್ನದು ಹನ್ನೆರಡು ವರ್ಷ. ನೀನು ಬಾಗಿಲು ತಟ್ಟಿ, ಒಂದು ಲೋಟ ನೀರು ಕುಡಿದು ಹೋಗಿದ್ದರೂ ಸಾಕಿತ್ತು. ನನಗೆ ಬಹಳ ನೋವಾಯಿತು.

ಆದ್ದರಿಂದ ನಿನ್ನ ಕಾಗದಕ್ಕೆ ನನ್ನ ಉತ್ತರ ಇದು. ಕಥೆ ನಿಲ್ಲುವುದಿಲ್ಲ. ಅರ್ಜಿಯನ್ನು ಇವತ್ತು ಬೆಳಗ್ಗೆ ಕೊಟ್ಟು ಬಂದೆ. ತಣ್ಣನೆಯ ಕೈ ಎನ್ನುವುದನ್ನೂ ತೆಗೆಸಲಿಲ್ಲ. ಈ ತಿಂಗಳ ಹದಿನೈದನೇ ತಾರೀಕು, ನಮ್ಮ ಸ್ವಾತಂತ್ರ್ಯದ ಹಬ್ಬದ ಸಂಜೆ, ಬ್ಯಾಂಡಿನವರನ್ನು ಕರೆಸಿ ಫಲಕ ತೆರೆಯುತ್ತಾರೆ. ಎರಡು ಮಾತು ಆಡಲು ನನಗೆ ಹೇಳಿದ್ದಾರೆ.

ಆರೋಗ್ಯ ನೋಡಿಕೊ. ಅಂಗಡಿಯಲ್ಲಿ ಇಡೀ ದಿನ ನಿಂತಿರಬೇಡ, ನಿನಗೂ ನನ್ನದೇ ಮಂಡಿ ಬಂದಿರುವುದು. ಗ್ವಾದಲೂಪೆಯ ತಾಯಿ ತನ್ನ ನಕ್ಷತ್ರದ ಸೆರಗನ್ನು ಹಗಲಿರುಳು ನಿನ್ನ ತಲೆಯ ಮೇಲೆ ಹೊದಿಸಿರಲಿ. ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ ಅಪ್ಪ,
ಎವಾರಿಸ್ತೊ

ಮತ್ತೊಂದು ಮಾತು: ಲಕೋಟೆ ಅಂಟಿಸಿದ್ದವನು ಮತ್ತೆ ಬಿಚ್ಚಿದೆ. ಸಹಿ ಹಾಕುವ ಮೊದಲು ನಿನ್ನ ಅಮ್ಮ ಕೇಳಿದ್ದು ಇದು: "ಆ ದಿನ ಅಕ್ರೋಟು ಬಿಡಿಸಿದ್ದು ಯಾರು ಅನ್ನೋದು ಒತಿಲಿಯಾಗೆ ಯಾವತ್ತೂ ಗೊತ್ತಾಗ್ಬಾರ್ದು. ಅಷ್ಟು ಮಾತು ಕೊಡು, ಗೋಡೆ ಮೇಲೆ ಏನ್ ಬೇಕಾದ್ರೂ ಬರ್ಕೋ."

ಬಿಡಿಸಿದ್ದು ನೀನು. ಹತ್ತಿಪ್ಪತ್ತು ಬಿಡಿಸಿ ನಿನಗೆ ಬೇಸರವಾಯಿತು. ಉಳಿದದ್ದನ್ನು ನೀನು ಸಿಪ್ಪೆಯೊಂದಿಗೇ ಹಾಲಿನೊಳಗೆ ಹಾಕಿ, ಬಿಡಿಸಿದ್ದನ್ನು ಮೇಲೆ ಹರಡಿದೆ. ಅವಳು ಆತುರದಲ್ಲಿ ಮೇಲಿನದನ್ನಷ್ಟೇ ನೋಡಿ ಅರೆದಳು. ನಾನು ಅವಳನ್ನು ಹನ್ನೆರಡು ಜನರ ಮುಂದೆ ನಿಲ್ಲಿಸಿ ಕೇಳುತ್ತಿದ್ದಾಗ ನೀನು ಮೂಲೆಯಲ್ಲಿ ಎರಡೂ ಕೈಯನ್ನು ಹಳದಿ ಫ್ರಾಕಿನ ಜೇಬಿನಲ್ಲಿಟ್ಟುಕೊಂಡಿದ್ದೆ. ಜೇಬಿನ ಅಂಚು ಕಂದಾಗಿತ್ತು. ಅವಳೂ ನೋಡಿದಳು, ನಾನೂ ನೋಡಿದೆ. ಆಗಲೇ ಅವಳು "ನಂದೇ ತಪ್ಪು" ಎಂದದ್ದು. ಆ ಸಂಜೆ ಮನೆ ಬಿಡುವ ಮೊದಲು ನಿಂಬೆಹಣ್ಣು ಹಚ್ಚಿ ನಿನ್ನ ಬೆರಳನ್ನು ಒಂದೊಂದಾಗಿ ತಿಕ್ಕಿ ತೊಳೆದು ಹೋದಳು. ಅದಕ್ಕೇ ನಿನಗೆ ಏನೂ ನೆನಪಿಲ್ಲ.

ನಿನ್ನನ್ನು ಆ ಬಟ್ಟಲಿನ ಮುಂದೆ ಕೂರಿಸಿದ್ದು ನಾನು. ಅರ್ಧ ಬಿಡಿಸಿದ್ದ ನಿನ್ನ ಅಮ್ಮನನ್ನು ನನ್ನ ಅಂಗಿಗೆ ಇಸ್ತ್ರಿ ಹಾಕಲು ಎಬ್ಬಿಸಿ, "ನಿನ್ನ ಬೆರಳು ಸಣ್ಣವು ಮರಿ, ನೀನು ಮುಗಿಸು" ಎಂದೆ. ಇದನ್ನು ಹೇಳಬೇಡ ಎಂದು ಅವಳು ನನ್ನಿಂದ ಮಾತು ತೆಗೆದುಕೊಳ್ಳಲಿಲ್ಲ. ಇದನ್ನು ನಾನಾಗಿ ಯಾರಿಗೂ ಹೇಳುವವನಲ್ಲ ಎಂದು ಅವಳಿಗೆ ಗೊತ್ತಿತ್ತು.

ಮುಂದಿನ ವರ್ಷ ಅಕ್ರೋಟಿನ ಕಾಲಕ್ಕೆ ಬಾ. ಅವಳ ಪಕ್ಕದಲ್ಲಿ ಕೂತು ಮತ್ತೆ ಬಿಡಿಸು. ನಾನು ಹೊರಗೆ ನಿಂತಿರುತ್ತೇನೆ. ಆಗಲೂ ನಿನಗೆ ನಗು ಬಂದರೆ, ಅವತ್ತಿನಿಂದ ನಾನು ಕಥೆ ಹೇಳುವುದನ್ನು ನಿಲ್ಲಿಸುತ್ತೇನೆ.